ಅಕ್ಕನ ರೇಡಿಯೋದ ಕಬ್ಬಿಣ

ಅಕ್ಕನ ಮಗನ ಫೋನು ಬಂದಾಗ ನಾನು ಶಿಗ್ಗಾಂವಿಯ ನನ್ನ ಮನೆಯ ಹಿಂದಿನ ಖೋಲಿಯಲ್ಲಿ ಒಂದು ಹಳೆಯ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮೇಲೆ ನನಗೆ ಉಳಿದ ಚಟ ಇದೊಂದೇ. ಹೆಂಡತಿ ಆ ಖೋಲಿಗೆ ಗುಜರಿ ಅಂಗಡಿ ಎಂದು ಹೆಸರಿಟ್ಟಿದ್ದಾಳೆ, ಕಸ ಹೊಡೆಯಲಿಕ್ಕೂ ಒಳಗೆ ಕಾಲಿಡುವುದಿಲ್ಲ.

"ಮಾಮಾ, ಅವ್ವನ ತಲಿ ನೆಟ್ಟಗಿಲ್ಲರಿ" ಎಂದ ಅಳಿಯ. ಸುತ್ತಿ ಬಳಸಿ ಮಾತಾಡುವ ಹುಡುಗನಲ್ಲ ಅವನು. ಅಕ್ಕಿಆಲೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ನಡೆಸುತ್ತಾನೆ, ದಿನವೆಲ್ಲ ರೈತರ ಜೊತೆ ಮಾತಾಡಿ ಮಾತಾಡಿ ನೇರ ವಿಷಯಕ್ಕೆ ಬರುವುದು ಅವನಿಗೆ ರೂಢಿ. "ಅಪ್ಪನ ರೇಡಿಯೋದ ಸ್ಪೀಕರ್ ವಾಯರ್ ಕಿತ್ತು ತೆಗೀತಾಳ. ಆಮ್ಯಾಲೆ ಡಬ್ಬಿಗೆ ಕಿವಿ ಹಚ್ಚಿ ಕುಂದರತಾಳ. ಏನ ಮಾಡಾಕತ್ತೀಯವ್ವಾ ಅಂದ್ರ, ಕೇಳಾಕತ್ತೇನಿ ಅಂತಾಳ. ಹೋದ ವಾರದಿಂದ ರೇಡಿಯೋ ಪೂರಾ ಸತ್ತ ಬಿದ್ದೈತಿ. ಆದ್ರೂ ಕಿವಿ ಹಚ್ಚೋದು ಬಿಟ್ಟಿಲ್ಲರಿ. ಮಾತಾಡತೈತಿ ಅಂತಾಳ."

ಅವನೇ ಮುಂದುವರಿಸಿದ: "ಸೋಮವಾರ ಧಾರವಾಡಕ್ಕ ಕರಕೊಂಡ ಹೋಗ್ತೇನಿ. ತಲಿ ಡಾಕ್ಟರ ಹತ್ರ ಹೆಸರ ಹಚ್ಚೇನಿ. ನೀವೂ ಬರ್ರಿ. ನೀವಿದ್ರ ಆಕಿ ಸುಮ್ನ ಬರ್ತಾಳ."

ನಮ್ಮ ಕಡೆಗೆಲ್ಲ ಹುಚ್ಚಾಸ್ಪತ್ರೆ ಇರುವುದು ಧಾರವಾಡದಲ್ಲಿ; ಒಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋದರು ಅಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಡಾಕ್ಟರು ನೋಡಿ ಏನೂ ಆಗಿಲ್ಲ ಎಂದು ಬರೆದುಕೊಟ್ಟರೂ ಓಣಿಯವರು ಬಾವಿಕಟ್ಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಅದನ್ನೇ ಆಡಿಕೊಳ್ಳುತ್ತಾರೆ. ಆಮೇಲೆ ಅಕ್ಕ ಏನು ಹೇಳಿದರೂ, ಸಾರಿಗೆ ಉಪ್ಪು ಕಡಿಮೆ ಎಂದರೂ, ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮವ್ವ ಹೇಳಿದ್ದು ಖರೇನೋ ಸುಳ್ಳೋ ಅಂತ ಒಬ್ಬರರ ನೋಡೀರೇನು?" ಎಂದು ರೇಗಿದೆ. "ಸ್ಪೀಕರ್ ಇಲ್ಲದ ರೇಡಿಯೋ ಮಾತಾಡತೈತೇನ್ರಿ ಮಾಮಾ?" ಎಂದು ಅವನು ಮೆಲ್ಲಗೆ ಕೇಳಿದ. ಅವನ ದನಿಯಲ್ಲಿ ಗದರಿಕೆ ಇರಲಿಲ್ಲ, ಹೆದರಿಕೆ ಇತ್ತು.

ಸೋಮವಾರದೊಳಗೆ ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಮರುದಿನ ಮಲ್ಟಿಮೀಟರು, ಬೆಸುಗೆ ಹಾಕುವ ಕಾವಿಗೆ, ತವರ ಎಲ್ಲ ಚೀಲಕ್ಕೆ ತುಂಬಿಕೊಂಡು ಹಾನಗಲ್ಲಿನಲ್ಲಿ ಬಸ್ ಬದಲಿಸಿ ಅಕ್ಕಿಆಲೂರಿಗೆ ಬಂದೆ.

ಆ ರೇಡಿಯೋ ಅಂಗಡಿಯದಲ್ಲ. ಭಾವ ತಾವೇ ಕೂಡಿಸಿದ್ದು. ಭಾವ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಬೆಲ್ಟು, ಬೇರಿಂಗು, ಮೋಟಾರು ಎಲ್ಲ ಅವರ ಕೈಯಲ್ಲಿ ಹೇಳಿದ ಹಾಗೆ ಕೇಳುತ್ತಿದ್ದವು. ಕೆಟ್ಟ ರೇಡಿಯೋಗಳ ಸಾಮಾನು ಆಯ್ದು ತಂದು, ಮಿಲ್ಲಿನ ಮುರಿದ ಸಾಗವಾನಿ ಹಲಗೆಯಲ್ಲಿ ಪೆಟ್ಟಿಗೆ ಮಾಡಿ, ಒಳಗೆ ಗಾಜಿನ ಬುರುಡೆಯಂಥ ವಾಲ್ವುಗಳನ್ನು ಕೂಡಿಸಿದ್ದರು. ಸ್ವಿಚ್ಚು ಹಾಕಿದರೆ ವಾಲ್ವು ಕೆಂಪಗೆ ಕಾದು, ಸ್ವಲ್ಪ ಹೊತ್ತಿನ ಮೇಲೆ ದನಿ ಏಳುತ್ತಿತ್ತು. ನಾನು ಕಾಲೇಜಿನ ರಜೆಗೆ ಬಂದಾಗ ಬೆಸುಗೆ ಹಾಕುವುದನ್ನು ಕಲಿಸಿದವರು ಅವರೇ. ವಾಲ್ವಿನ ಸೆಟ್ಟಿಗೆ ಕೈ ಹಾಕುವಾಗ ಎಡಗೈ ಬೆನ್ನ ಹಿಂದೆ ಇಟ್ಟುಕೋ ಎಂದು ಕಲಿಸಿದವರೂ ಅವರೇ. ಒಂದೇ ಕೈ ಒಳಗಿದ್ದರೆ ಕರೆಂಟಿನ ಹೊಡೆತ ಎದೆಯ ಮೂಲಕ ಹಾಯುವುದಿಲ್ಲ ಎಂದು ಅದಕ್ಕೆ ಕಾರಣ ಹೇಳಿದ್ದರು. ತೀರಿಕೊಂಡು ಎರಡು ವರ್ಷವಾಯಿತು. ಅಕ್ಕ ರೇಡಿಯೋದ ಮೇಲೆ ತನ್ನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹೊದಿಸಿ ಇಟ್ಟಿದ್ದಳು. ಈ ಸಲ ಯುಗಾದಿ ಆದ ಮೇಲೆ ಅದೇಕೋ ಬಟ್ಟೆ ತೆಗೆದು, ಮಧ್ಯಾಹ್ನ ಅದರ ಮುಂದೆ ಕೂರುವುದಕ್ಕೆ ಶುರು ಮಾಡಿದ್ದಾಳೆ.

ನಾನು ಹೋದಾಗಲೂ ಅಲ್ಲೇ ಕೂತಿದ್ದಳು. ಎಡಗಿವಿ ಪೆಟ್ಟಿಗೆಗೆ ಒತ್ತಿಕೊಂಡಿತ್ತು. ಕಣ್ಣು ತೆರೆದೇ ಇತ್ತು. ನನ್ನನ್ನು ನೋಡಿ ನಕ್ಕಳು, ಆದರೆ ಕಿವಿ ತಕ್ಷಣ ತೆಗೆಯಲಿಲ್ಲ. ಯಾರದೋ ಮಾತು ಮುಗಿಯುವವರೆಗೆ ಕಾಯ್ದು ಎದ್ದವಳಂತೆ ಆಮೇಲೆ ಎದ್ದಳು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಅಳಿಯನ ಮಾತೇ ಸರಿ ಅನ್ನಿಸಿತು.

ಪೆಟ್ಟಿಗೆಯ ಹಿಂಬದಿ ಬಿಚ್ಚಿದೆ. ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿಯಿತು. ಸತ್ತಿದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಇದರ ಕೆಲಸ ಸಂತೆಯ ದಲ್ಲಾಳಿಯದು: ವಾಲ್ವಿನ ಕಡೆಯಿಂದ ಬರುವ ಜೋರು ವೋಲ್ಟೇಜನ್ನು ತೆಗೆದುಕೊಂಡು ಸ್ಪೀಕರು ತಾಳುವಷ್ಟಕ್ಕೆ ಇಳಿಸಿ ಕೊಡುತ್ತದೆ. ಕಬ್ಬಿಣದ ತೆಳು ತಗಡುಗಳ ಕಟ್ಟು, ಅದರ ನಡುವೆ ತಾಮ್ರದ ತಂತಿಯ ಎರಡು ಸುತ್ತುಗಳು. ಮೀಟರು ಹಚ್ಚಿದರೆ ಸಣ್ಣ ತಂತಿಯ ಸುತ್ತು ಒಳಗೇ ಸುಟ್ಟು ಹರಿದಿರುವುದು ಗೊತ್ತಾಯಿತು. ತಗಡಿನ ಕಟ್ಟಿಗೆ ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಇರಬೇಕು, ಎರಡೇ ಇದ್ದವು, ಅವೂ ಸಡಿಲ. ಭಾವ ವಯಸ್ಸಾದ ಮೇಲೆ ಉದಾಸೀನ ಮಾಡಿದ್ದಾರೆ ಅಂದುಕೊಂಡೆ.

"ಅಕ್ಕಾ, ಸ್ಪೀಕರ್ ತೆಗೆದು ರೇಡಿಯೋ ಹಚ್ಚಿದ್ದೇನು?"

"ಯಾವಾಗಲೂ ಹಂಗ ಕೇಳತಿದ್ವಲ್ಲೋ ತಮ್ಮಾ" ಎಂದಳು. ಆಮೇಲೆ ಇಷ್ಟು ವರ್ಷ ನನಗೆ ಗೊತ್ತೇ ಇಲ್ಲದ ಒಂದು ಸಂಗತಿ ಹೇಳಿದಳು.

ಆ ಮನೆಯಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ನೀರು ಬೇಕಾದರೆ ಭಾವ ಖಾಲಿ ತಂಬಿಗೆಯನ್ನು ನೆಲಕ್ಕೆ ಸದ್ದು ಮಾಡಿ ಇಡುತ್ತಿದ್ದರು, ಅಕ್ಕ ತಂದುಕೊಡುತ್ತಿದ್ದಳು. ಅಕ್ಕನ ಅತ್ತೆಯನ್ನು ನಾನೂ ಬಲ್ಲೆ. ಜಾಗಟೆಯಂಥ ಬಾಯಿ, ಬೆಕ್ಕಿನಂಥ ಕಿವಿ, ತೊಂಬತ್ತರ ಹತ್ತಿರದವರೆಗೆ ಬದುಕಿದ ಜೀವ. ಮಧ್ಯಾಹ್ನ ಮಿಲ್ಲು ನಿಂತಾಗ ಭಾವ ಊಟಕ್ಕೆ ಬರುತ್ತಿದ್ದರು. ಅತ್ತೆ ಪಡಸಾಲೆಯಲ್ಲಿ ಒರಗುತ್ತಿದ್ದರು. ರೇಡಿಯೋ ಹಚ್ಚಿದರೆ ನಿದ್ದೆ ಕೆಡುತ್ತದೆ.

"ಇವರು ಸ್ಪೀಕರ್ ವಾಯರ್ ತೆಗೀತಿದ್ರು. ಕಿವಿ ಹಚ್ಚು ಅಂತ ಸನ್ನಿ ಮಾಡತಿದ್ರು. ನಾ ಈ ಕಡೆ, ಅವರು ಆ ಕಡೆ. ಒಳಗ ಸಣ್ಣಗ ಹಾಡತಿತ್ತು. ಧಾರವಾಡ ಸ್ಟೇಷನ್ನಿನ ಹಾಡು, ಹವಾಮಾನ, ಎಲ್ಲಾ ಬರತಿತ್ತು. ಅತ್ತಿಯವ್ರು ಹೋದ ಮ್ಯಾಲೂ ನಾವು ಹಂಗ ಕೇಳಿದ್ವಿ. ರೂಢಿ ಆಗಿತ್ತು."

ಹಾಡಿನ ಕರೆಂಟು ಹಾಯುವಾಗ ಟ್ರಾನ್ಸ್‌ಫಾರ್ಮರಿನ ತಗಡು ಅದುರಿ ಅದೇ ಹಾಡನ್ನು ಸಣ್ಣಗೆ ನುಡಿಯುವುದು ನನಗೆ ಗೊತ್ತು. ನನ್ನನ್ನು ಕಾಡಿದ್ದು ಬೇರೆ. ಸ್ಪೀಕರಿನ ಹೊರೆ ಇಲ್ಲದೆ ವಾಲ್ವಿನ ಸೆಟ್ಟು ಹಚ್ಚಿದರೆ ಈ ಟ್ರಾನ್ಸ್‌ಫಾರ್ಮರು ಉಳಿಯುವುದಿಲ್ಲ. ಒಳಗೆ ವೋಲ್ಟೇಜು ಏರಿ ತಂತಿ ಸುಡುತ್ತದೆ. ಅಕ್ಕ ಹೇಳಿದ ಹಾಗೆ ವರ್ಷಗಟ್ಟಲೆ ಹಾಗೆ ಹಚ್ಚಿದ್ದರೆ ಅದು ಮೊದಲ ವರ್ಷವೇ ಸುಟ್ಟುಹೋಗಬೇಕಿತ್ತು. "ಸ್ಪೀಕರ್ ತೆಗೆದ ಮ್ಯಾಲೆ ಆ ಜಾಗಾದಾಗ ಬ್ಯಾರೆ ಏನರ ಹಚ್ಚತಿದ್ರೇನು? ಬಲ್ಬು, ಇನ್ನೊಂದು ಸ್ಪೀಕರು?"

"ಏನೂ ಇಲ್ಲ" ಎಂದಳು. ಸ್ವಲ್ಪ ಯೋಚಿಸಿ, "ಪೂಜಿ ಮಾಡ್ಕೋತಿದ್ರು, ಅಷ್ಟ" ಎಂದಳು.

ಭಾವ ರೇಡಿಯೋಕ್ಕೆ ಪೂಜೆ ಮಾಡುತ್ತಿದ್ದರು ಎಂಬ ಮಾತು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹಬ್ಬದ ದಿನವೂ ವಿಭೂತಿ ಹಚ್ಚಿಕೊಳ್ಳುವುದನ್ನು ಮರೆತು ತಾಯಿಯ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ ಮನುಷ್ಯ ಅವರು. ಬಾಗಿಲಲ್ಲಿ ನಿಂತಿದ್ದ ಅಳಿಯ ನನ್ನ ಮುಖ ನೋಡಿದ. ನಾನು ಕಾವಿಗೆ ಹುಡುಕುವ ನೆವ ಮಾಡಿ ಚೀಲದಲ್ಲಿ ತಲೆ ಹಾಕಿದೆ.

ಈಗಿನ ಕಾಲದಲ್ಲಿ ಅಂಥ ಟ್ರಾನ್ಸ್‌ಫಾರ್ಮರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬದಲಿ ಹುಡುಕಬೇಕು. ಮರುದಿನ ಬೆಳಿಗ್ಗೆ ಸವಣೂರಿನ ಒಂದು ಗುಜರಿ ಅಂಗಡಿಗೆ ಹೋದೆ. ಅಲ್ಲಿಯ ರಾಶಿಯಲ್ಲಿ ಒಂದು ಹಳೆಯ ಬ್ಯಾಟರಿ ಚಾರ್ಜರಿನ ಟ್ರಾನ್ಸ್‌ಫಾರ್ಮರು ಕೈಗೆ ಬಂತು. ಮನೆಯ ಕರೆಂಟನ್ನು ಆರು ವೋಲ್ಟಿಗೆ ಇಳಿಸುವಂಥದು. ಅದರ ಎರಡು ಸುತ್ತುಗಳ ನಡುವಿನ ಲೆಕ್ಕ ಭಾವನ ವಾಲ್ವಿಗೂ ಸ್ಪೀಕರಿಗೂ ಹತ್ತಿರ ಹತ್ತಿರ ಹೊಂದುತ್ತಿತ್ತು. ಅಂಗಡಿಯವನು "ಮಾಸ್ತರ, ಚಾರ್ಜರ್ ಮಾಡ್ತೀರೇನ್ರಿ?" ಎಂದು ಕೇಳಿದ. "ರೇಡಿಯೋಕ್ಕ ಬೇಕಾಗಿತ್ತು" ಎಂದೆ. ಅವನು ನನ್ನನ್ನು ಮರುಕದಿಂದ ನೋಡಿದ. ಧಾರವಾಡಕ್ಕೆ ನನ್ನನ್ನೂ ಜೊತೆಗೆ ಕಳಿಸಬೇಕು ಎನ್ನುವ ನೋಟ ಅದು.

ಮಧ್ಯಾಹ್ನ ಅಕ್ಕನ ಮನೆಯಲ್ಲಿ ಅದನ್ನು ಕೂಡಿಸಲು ಕೂತೆ. ಕೆಪ್ಯಾಸಿಟರಿನಲ್ಲಿ ಉಳಿದ ಕರೆಂಟನ್ನು ಹೊರಗೆ ಹಾಕಿದೆ. ಕರೆಂಟಿನ ಬದಿಯ ಎರಡು ತಂತಿಗಳಲ್ಲಿ ಒಂದು ಹೈ ವೋಲ್ಟೇಜಿಗೆ, ಒಂದು ವಾಲ್ವಿನ ಪ್ಲೇಟಿಗೆ. ಆರು ವೋಲ್ಟಿನ ಬದಿಯ ಎರಡು ತಂತಿ ಸ್ಪೀಕರಿಗೆ. ನನಗೇ ಅರಿವಿಲ್ಲದೆ ನನ್ನ ಎಡಗೈ ಬೆನ್ನ ಹಿಂದೆ ಹೋಗಿತ್ತು. ಅಕ್ಕ ಅದನ್ನೇ ನೋಡುತ್ತ ಕೂತಿದ್ದಳು. "ನೀನೂ ಹಂಗ ಕುಂದರತೀಯಲ್ಲ" ಎಂದಳು. ನಾನು ತಲೆ ಎತ್ತದೆ ಮುಂದಿನ ತಂತಿಗೆ ತವರ ಹಚ್ಚಿದೆ.

ಸ್ವಿಚ್ಚು ಹಾಕಿದೆ. ವಾಲ್ವು ಕಾದವು. ಕಾದ ಕೂಡಲೇ ಪೆಟ್ಟಿಗೆ ಊಳಿಟ್ಟಿತು. ಬೇರೆ ಮಾತಿಲ್ಲ, ಊಳೇ ಅದು. ಅಕ್ಕನ ಸೊಸೆಯ ಕೈಯಿಂದ ತಾಟು ಬಿತ್ತು, ಪಕ್ಕದ ಮನೆಯವರು ಓಡಿ ಬಂದು ಬಾಗಿಲಲ್ಲಿ ನಿಂತರು. ನಾನು ಸ್ವಿಚ್ಚು ತೆಗೆದರೂ ವಾಲ್ವು ಆರುವ ತನಕ ಆ ದನಿ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಯಿತು. ಭಾವ ತೀರಿಕೊಂಡ ಖೋಲಿ ಅದೇ ಆಗಿತ್ತು.

ತಪ್ಪು ನನ್ನದೇ. ಆ ಸೆಟ್ಟಿನಲ್ಲಿ ದನಿ ತಿಳಿಯಾಗಲೆಂದು ಸ್ಪೀಕರಿನ ಬದಿಯಿಂದ ಒಂದು ತಂತಿ ಮರಳಿ ಒಳಕ್ಕೆ ಹೋಗುತ್ತದೆ. ಹೊಸ ಟ್ರಾನ್ಸ್‌ಫಾರ್ಮರಿನ ಎರಡು ತಂತಿ ಅದಲು ಬದಲಾದರೆ ತಿಳಿಯಾಗಬೇಕಾದದ್ದು ತನ್ನ ದನಿಯನ್ನು ತಾನೇ ನುಂಗಿ ಕೂಗುತ್ತದೆ. ಎರಡೂ ತಂತಿ ಬಿಚ್ಚಿ ಅತ್ತಿತ್ತ ಮಾಡಿ ಬೆಸೆದೆ. ಈ ಸಲ ಸ್ಪೀಕರಿನಿಂದ ಸುಗಮವಾಗಿ ತಂಬೂರಿ ಕೇಳಿತು, ಮೇಲೆ ಯಾವಳೋ ಹೆಣ್ಣುಮಗಳ ದನಿ. ನೆರೆಯವರು ನಕ್ಕು ಹೋದರು. ಅಳಿಯನ ಮುಖ ಬಿಚ್ಚಿತು. "ಚಲೋ ಆತ್ರಿ ಮಾಮಾ" ಎಂದ.

ಆದರೆ ಪರೀಕ್ಷೆ ಇದಾಗಿರಲಿಲ್ಲ. ಸ್ಪೀಕರ್ ಬಿಚ್ಚಿ, ನಾನು ತಂದಿದ್ದ ರೆಸಿಸ್ಟರನ್ನು ಅದರ ಜಾಗದಲ್ಲಿ ಹೊರೆಯಾಗಿ ಹಚ್ಚಿದೆ. ಟ್ರಾನ್ಸ್‌ಫಾರ್ಮರಿಗೆ ಕಿವಿಯಿಟ್ಟೆ. ಏನೂ ಇಲ್ಲ. ದನಿ ಏರಿಸಿದೆ. ಏನೂ ಇಲ್ಲ. ಅಕ್ಕ ಬಂದು ತನ್ನ ಕಿವಿ ಇಟ್ಟಳು, ಬಹಳ ಹೊತ್ತು ಇಟ್ಟಳು. "ಇದು ಮೂಕ ಐತಿ" ಎಂದು ಎದ್ದು ಒಳಗೆ ಹೋದಳು.

ಅಳಿಯ ನನ್ನ ಪಕ್ಕ ಬಂದು ಕೂತ. "ಈಗರ ಒಪ್ಪತೀರೇನ್ರಿ? ನಾ ಆಕಿನ್ನ ಹುಚ್ಚಿ ಅನ್ನಾಕತ್ತಿಲ್ಲ. ಆಕಿ ಬ್ಯಾನಿ ತಿಳಕೋಬೇಕಲ್ಲ. ರಾತ್ರಿ ಹಗಲು ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದೈತಿ" ಎಂದ. ಅವನ ಕಣ್ಣು ಒದ್ದೆಯಾಗಿದ್ದವು. ಸೋಮವಾರ ನಾನೂ ಬರುತ್ತೇನೆ ಎಂದೆ. ಅಕ್ಕನನ್ನು ನಾನೇ ಕೈಬಿಟ್ಟ ಹಾಗೆ ಅನ್ನಿಸಿ ಆ ದಿನ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ಜಗಲಿಯ ಮುಂದೆ ವಿಭೂತಿ ಹಚ್ಚಿಕೊಳ್ಳಲು ಹೋದೆ. ಅಕ್ಕನ ಮನೆಯ ದೇವರ ಜಗಲಿ ಗೋಡೆಯೊಳಗಿನ ಒಂದು ಗೂಡು. ಬಸವಣ್ಣನ ಹಿತ್ತಾಳೆ ಮೂರ್ತಿ, ವಿಭೂತಿ ಗಟ್ಟಿ, ಎಣ್ಣೆಯ ದೀಪ. ದೀಪದ ಹಿಂದೆ ಬೆರಳಿನಷ್ಟು ಉದ್ದದ ಒಂದು ಬಿಳಿ ಕಲ್ಲು, ಚೌಕು ಮಾಡಿದ್ದು. ಮೇಲೆ ಮೂರು ಗೆರೆ ವಿಭೂತಿ, ಒಂದು ಒಣಗಿದ ಕಣಗಲ ಹೂ. ಕಲ್ಲಿನ ಎರಡೂ ತುದಿಗಳಿಂದ ಒಂದೊಂದು ತಂತಿ ಹೊರಟು, ಅವುಗಳ ಕೊನೆಗೆ ಕಚ್ಚುವ ಕ್ಲಿಪ್ಪುಗಳಿದ್ದವು. ತಂತಿಯನ್ನು ನೀಟಾಗಿ ಮಡಿಸಿ ಕಲ್ಲಿನ ಕೆಳಗೆ ಇಟ್ಟಿದ್ದರು.

ಕೈಯಲ್ಲಿದ್ದ ವಿಭೂತಿ ಕೈಯಲ್ಲೇ ಉಳಿಯಿತು. ಅದು ಕಲ್ಲಲ್ಲ. ಸಿಮೆಂಟಿನ ರೆಸಿಸ್ಟರು, ನಾನು ನಿನ್ನೆ ಚೀಲದಿಂದ ತೆಗೆದು ಹಚ್ಚಿದಂಥದೇ, ಅದಕ್ಕಿಂತ ದಪ್ಪ.

"ಅಕ್ಕಾ, ಇದು ಇಲ್ಲಿ ಯಾಕ ಐತಿ?"

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ಅವರ ಕಲ್ಲು ಅದು. ಮುಟ್ಟಬ್ಯಾಡ, ನೀ ಇನ್ನೂ ಪೂಜಿ ಮಾಡ್ಕೊಂಡಿಲ್ಲ" ಎಂದಳು. ನಾನು ಕೈ ಹಿಂದಕ್ಕೆ ತೆಗೆದೆ. ಅವಳೇ ಹೇಳಿದಳು: "ಮಧ್ಯಾಹ್ನ ಸ್ಪೀಕರ್ ತೆಗೆದ ಮ್ಯಾಲೆ ಈ ಕಲ್ಲು ಆ ಜಾಗಾದಾಗ ಸಿಗಿಸಿ, ಕೈ ಕಣ್ಣಿಗೆ ಒತ್ತಿಕೊಂತಿದ್ರು. ಪೂಜಿ ಅಂದ್ನಲ್ಲ ನಿನಗ. ಅವರು ಹೋದಾಗ ಕೊರಳಾಗಿನ ಲಿಂಗ ಅವರ ಜೋಡಿನ ಮಣ್ಣಾಗ ಹೋತು. ದಿನಾ ಅವರ ಕೈಯಾಗ ಇರತಿದ್ದದ್ದು ಅಂದ್ರ ಇದೊಂದ ಉಳೀತು. ಹೊರಗ ಬಿಸಾಡಾಕ ಮನಸ್ಸ ಆಗಲಿಲ್ಲ. ಜಗಲಿ ಮ್ಯಾಲೆ ಇಟ್ಟೆ."

ಮಿಲ್ಲಿನ ಫಿಟ್ಟರುಗಳಿಗೆ ಆ ಅಭ್ಯಾಸ ಇರುತ್ತದೆ. ಯಂತ್ರ ಮುಟ್ಟುವ ಮೊದಲು ನಟ್ಟು ತಿರುವುವ ಪಾನಾಕ್ಕೂ ಕೈ ಮುಗಿದು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಭಾವ ಟ್ರಾನ್ಸ್‌ಫಾರ್ಮರನ್ನು ಕಾಯುವ ಹೊರೆ ಹಚ್ಚುತ್ತಿದ್ದರು, ಅಕ್ಕ ಅದನ್ನು ಪೂಜೆ ಎಂದು ತಿಳಿದಳು. ಮಾತಾಡುವಂತಿರಲಿಲ್ಲ, ಹಾಗಾಗಿ ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ. ಭಾವ ಹೋದ ಮೇಲೆ ಕಲ್ಲು ದೇವರ ಪಕ್ಕಕ್ಕೆ ಹೋಯಿತು. ಯುಗಾದಿಯ ನಂತರ ಅಕ್ಕ ಸ್ಪೀಕರ್ ಬಿಚ್ಚಿ ರೇಡಿಯೋ ಹಚ್ಚಿದಾಗ ಕಾಯುವುದಕ್ಕೆ ಏನೂ ಇರಲಿಲ್ಲ, ಕೆಲವೇ ದಿನಗಳಲ್ಲಿ ತಂತಿ ಸುಟ್ಟಿತು. ಅಂದರೆ ಅಕ್ಕ ಹೇಳಿದ ಒಂದೊಂದು ಮಾತೂ ನಿಜ. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ವಯಸ್ಸಾದವನು ಜಗಲಿಯ ಮುಂದೆ ಅತ್ತರೆ ಮನೆಯವರು ನನ್ನ ಹೆಸರನ್ನೂ ಡಾಕ್ಟರ ಹತ್ತಿರ ಹಚ್ಚುತ್ತಾರೆ ಎಂದು ತಡೆದುಕೊಂಡೆ.

ಹಾಗಾದರೆ ಬದಲಿ ಟ್ರಾನ್ಸ್‌ಫಾರ್ಮರು ಯಾಕೆ ಮೂಕವಾಗಿತ್ತು? ಅದನ್ನು ಕೈಯಲ್ಲಿ ಹಿಡಿದು ನೋಡಿದ ಕೂಡಲೇ ತಿಳಿಯಿತು. ಕಾರ್ಖಾನೆಯಲ್ಲಿ ಅದನ್ನು ಪೂರ್ತಿ ಅರಗಿನಲ್ಲಿ ಅದ್ದಿ, ನಾಲ್ಕೂ ಬೋಲ್ಟು ಬಿಗಿದು ಕಳಿಸಿದ್ದಾರೆ. ತಗಡುಗಳು ಒಂದಕ್ಕೊಂದು ಅಂಟಿ ಕಲ್ಲಾಗಿವೆ, ಅದುರುವುದಿಲ್ಲ. ಭಾವನ ಟ್ರಾನ್ಸ್‌ಫಾರ್ಮರು ನೆನಪಾಯಿತು. ಎರಡೇ ಬೋಲ್ಟು, ಅವೂ ಸಡಿಲ. ಮಿಲ್ಲಿನಲ್ಲಿ ಇಡೀ ಜನ್ಮ ಒಂದು ನಟ್ಟನ್ನೂ ಸಡಿಲ ಬಿಡದ ಮನುಷ್ಯ ಅದು. ನಾನು ಉದಾಸೀನ ಅಂದುಕೊಂಡದ್ದು ಬೇಕೆಂದೇ ಮಾಡಿದ ಕೆಲಸವಾಗಿತ್ತು. ಕಬ್ಬಿಣ ಹಾಡಲಿ, ಹೆಂಡತಿ ಕೇಳಲಿ ಎಂದು ಅವರು ಅದನ್ನು ಸಡಿಲ ಬಿಟ್ಟಿದ್ದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಅವರಿದ್ದಾಗಲೂ ಬಂದಿರಲಿಲ್ಲ.

ಸುಟ್ಟದ್ದು ತಾಮ್ರ, ಕಬ್ಬಿಣ ಹಾಗೇ ಇತ್ತು. ಅದೇ ಕಬ್ಬಿಣಕ್ಕೆ ಹೊಸ ತಂತಿ ಸುತ್ತಬೇಕು. ಕೂದಲಿನಷ್ಟು ಸಣ್ಣ ಅರಗು ಬಳಿದ ತಂತಿ ಹಿರೇಕೆರೂರಿನ ಒಬ್ಬ ಮೋಟಾರ್ ರಿವೈಂಡಿಂಗ್‌ನವನ ಹತ್ತಿರ ಇದೆ ಎಂದು ಗೊತ್ತಿತ್ತು. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದೊಳಗೆ ತಂದೆ. ಭಾವನ ಕೈ ಡ್ರಿಲ್ಲನ್ನು ಹಿತ್ತಲಿನ ಕಟ್ಟೆಗೆ ಬಿಗಿದು, ಅದರ ತುದಿಗೆ ಸುತ್ತುವ ಕೊಳವೆ ಸಿಗಿಸಿ ತಿರುವತೊಡಗಿದೆ. ಅಕ್ಕ ತಂತಿಯ ಉಂಡೆಯನ್ನು ಕಡ್ಡಿಗೆ ಪೋಣಿಸಿ, ಜಗ್ಗದ ಹಾಗೆ ಹಿಡಿದುಕೊಂಡಳು. ಎಷ್ಟು ಸುತ್ತು ಸುತ್ತಿದೆ ಎಂದು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನಡುವೆ ಒಮ್ಮೆ ಎಣಿಕೆ ತಪ್ಪಿ ನಾನು ಸಿಟ್ಟಿನಿಂದ ಡ್ರಿಲ್ಲು ಬಿಟ್ಟೆದ್ದಾಗ ಅಕ್ಕ, "ಅವರೂ ತಪ್ಪತಿದ್ರು, ಬೈತಿದ್ದಿಲ್ಲ" ಎಂದಳು. ಮತ್ತೆ ಕೂತೆ.

ತಗಡುಗಳನ್ನು ಒಂದು ಕಡೆಗೆ ಜೋಡಿಸಿ, ನಡುವೆ ಹಳೆಯ ಕ್ಯಾಲೆಂಡರಿನ ಕಾಗದದ ಪಟ್ಟಿ ಇಟ್ಟೆ. ಆ ಸಣ್ಣ ಸಂದು ಇಲ್ಲದಿದ್ದರೆ ದನಿ ಕಟ್ಟಿಕೊಳ್ಳುತ್ತದೆ. ಬೋಲ್ಟು ಹಾಕುವಾಗ ಕೈ ತಾನಾಗಿ ಬಿಗಿಯಲು ಹೋಯಿತು. ತಡೆದೆ. ಎರಡೇ ಹಾಕಿ, ಅವರು ಬಿಟ್ಟಷ್ಟೇ ಸಡಿಲ ಬಿಟ್ಟೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಆ ಖೋಲಿಯಲ್ಲಿ ಸೇರಿದೆವು. ಈ ಸಲ ತಂತಿ ಅದಲು ಬದಲಾಗಲಿಲ್ಲ, ಊಳು ಬರಲಿಲ್ಲ. ಸ್ಪೀಕರಿನಲ್ಲಿ ದನಿ ಬಂದ ಮೇಲೆ ಸ್ವಿಚ್ಚು ತೆಗೆದು ಸ್ಪೀಕರ್ ಬಿಚ್ಚಿದೆ. ಅಕ್ಕ ಜಗಲಿಯಿಂದ ಬಿಳಿ ಕಲ್ಲನ್ನು ಸೆರಗಿನಲ್ಲಿ ಹಿಡಿದು ತಂದಳು. ನಾನು ಕೈ ನೀಡಿದೆ, ಕೊಡಲಿಲ್ಲ. ತಾನೇ ಎರಡು ಕ್ಲಿಪ್ಪು ಕಚ್ಚಿಸಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಸ್ವಿಚ್ಚು ಹಾಕಿದೆ.

ಅಳಿಯನಿಗೆ ಕಿವಿ ಇಡಲು ಹೇಳಿದೆ. ಅವನು ಮೊಣಕಾಲೂರಿ ಬಗ್ಗಿದ. ಮೊದಲು ಅವನ ಹುಬ್ಬು ಗಂಟಿಕ್ಕಿದವು. ಆಮೇಲೆ ಮೆಲ್ಲಗೆ ಬಿಚ್ಚಿದವು. "ಹವಾಮಾನ ಹೇಳಾಕತ್ತಾರ" ಎಂದ, ಪಿಸುಮಾತಿನಲ್ಲಿ, ಪಡಸಾಲೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. "ಹಾವೇರಿ ಜಿಲ್ಲಾದಾಗ ಒಣ ಹವಾ ಅಂತ." ಸೊಸೆಯೂ ಕೇಳಿದಳು. ನಾನೂ ಕೇಳಿದೆ. ಸ್ಪೀಕರಿಲ್ಲದ ಪೆಟ್ಟಿಗೆಯೊಳಗೆ, ಕಬ್ಬಿಣದ ತಗಡುಗಳ ಸಂದಿನಲ್ಲಿ, ಧಾರವಾಡದಿಂದ ಬರುವ ಒಬ್ಬ ಮನುಷ್ಯನ ದನಿ ಇತ್ತು, ಬಹಳ ದೂರದಲ್ಲಿ ಕೂತು ನಮಗಷ್ಟೇ ಹೇಳುವ ಹಾಗೆ.

ಅಳಿಯ ಅವ್ವನ ಕೈ ಹಿಡಿದುಕೊಂಡ. "ನನಗ ಗೊತ್ತಾಗಲಿಲ್ಲವ್ವಾ" ಎಂದ. ಆಮೇಲೆ ಫೋನು ತೆಗೆದುಕೊಂಡು ಪಡಸಾಲೆಗೆ ಹೋಗಿ, ನಾಳೆ ಬರುವುದಿಲ್ಲ, ಹೆಸರು ತೆಗೀರಿ ಎಂದು ಯಾರಿಗೋ ಹೇಳುವುದು ಕೇಳಿಸಿತು. ಸೊಸೆ ಚಹಾ ಇಡಲು ಒಳಗೆ ಹೋದಳು. ನಾನು ಸಾಮಾನು ಚೀಲಕ್ಕೆ ತುಂಬತೊಡಗಿದೆ.

ಆಗ ಅಕ್ಕ ಕೈ ಚಾಚಿ ಸ್ವಿಚ್ಚು ತೆಗೆದಳು.

"ಯಾಕ ಬಂದ್ ಮಾಡಿದಿ?"

"ಸುಮ್ನಿರು ತಮ್ಮಾ" ಎಂದು ಪೆಟ್ಟಿಗೆಗೆ ಕಿವಿ ಇಟ್ಟಳು. ಒಳಗೆ ಹವಾಮಾನದವನ ದನಿ ಕರಗುತ್ತ ಕರಗುತ್ತ ಹೋಯಿತು. ವಾಲ್ವು ಕಪ್ಪಾದವು. ಅಕ್ಕ ಕಿವಿ ತೆಗೆಯಲಿಲ್ಲ. ಖೋಲಿಯಲ್ಲಿ ಕಬ್ಬಿಣ ಆರುವ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ "ಹೂಂ" ಎಂದಳು. ಮತ್ತೆ ಸ್ವಲ್ಪ ತಡೆದು, "ಹೂಂ."

"ಅಕ್ಕಾ, ರೇಡಿಯೋ ಬಂದ್ ಐತಿ" ಎಂದೆ.

"ಬಂದ್ ಆದ ಮ್ಯಾಲೆ ಅಲ್ಲೇನು ಅವರು ಮಾತಾಡತಿದ್ದದ್ದು?" ಎಂದಳು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ದನಿಯಲ್ಲಿ. "ರೇಡಿಯೋ ಹಾಡತಿದ್ದಾಗ ಹೆಂಗ ಮಾತಾಡೂದು? ಸ್ಟೇಷನ್ನಿನ ಹಾಡು ಎಲ್ಲಾರಿಗ್ಯೂ. ಆರಿಸಿದ ಮ್ಯಾಲೆ, ಅತ್ತಿಯವ್ರು ಮಗ್ಗಲಾ ಬದಲಿಸೋದರಾಗ, ಅಷ್ಟ ಸಣ್ಣ ದನೀಲೆ ಎರಡು ಮಾತು ಆಡತಿದ್ರು. ನಾ ಹೂಂ ಅಂತಿದ್ದೆ. ಅದಕ್ಕಿಂತ ಹೆಚ್ಚಿಗೆ ಆಡಾಕ ಬರತಿದ್ದಿಲ್ಲ. ಇಡೀ ದಿನಕ್ಕ ಅದ ನಮ್ಮ ಮಾತು."

ನಾಲ್ಕು ದಿನದಿಂದ ನಾನು ರಿಪೇರಿ ಮಾಡಿದ್ದು ಅವಳು ಕೇಳುತ್ತಿದ್ದುದನ್ನಲ್ಲ. ಅವಳಿಗೆ ಹಾಡು ಬೇಕಿರಲಿಲ್ಲ, ಹಾಡು ನಿಲ್ಲುವುದು ಬೇಕಿತ್ತು. "ಈಗ? ಈಗೂ ಮಾತಾಡತಾರೇನು?" ಎಂದು ಕೇಳಿದೆ. ಕೇಳಬಾರದಿತ್ತು. ಅಕ್ಕ ನನ್ನನ್ನೊಮ್ಮೆ ನೋಡಿ, ಮತ್ತೆ ಪೆಟ್ಟಿಗೆಗೆ ಕಿವಿ ಹಚ್ಚಿದಳು.

ಅಳಿಯ ಬಾಗಿಲಲ್ಲಿ ಬಂದು ನಿಂತ. ಆರಿದ ವಾಲ್ವುಗಳನ್ನು ನೋಡಿದ, ಕಿವಿ ಹಚ್ಚಿ ಕೂತ ಅವ್ವನನ್ನು ನೋಡಿದ. "ಮಾಮಾ, ಬಂದ್ ಐತಲ್ರಿ. ಮತ್ತ ಕಿವಿ ಹಚ್ಯಾಳಲ್ಲ."

"ಕಬ್ಬಿಣ ಆರಾಕತ್ತೈತಿ" ಎಂದೆ. "ಆರೋ ತನಕ ಸಣ್ಣ ಸಪ್ಪಳ ಇರತೈತಿ. ಎಲ್ಲಾ ವಾಲ್ವಿನ ಸೆಟ್‌ನ್ಯಾಗೂ ಇರತೈತಿ."

ಅವನು ನನ್ನ ಮಾತು ನಂಬಿದ, ಸಮಾಧಾನದಿಂದ ಅಂಗಡಿಯ ಕಡೆ ಹೋದ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಎದ್ದು ಪೆಟ್ಟಿಗೆಯ ಹತ್ತಿರ ಹೋದೆ. ನಾನೂ ಒಮ್ಮೆ ಕೇಳಬೇಕು ಅನ್ನಿಸಿತ್ತು. ಅಕ್ಕನ ಎದುರಿನ ಬದಿಯಲ್ಲಿ ಜಾಗ ಖಾಲಿ ಇತ್ತು. ಅಲ್ಲಿ ಕೂರಲು ಬಗ್ಗಿದಾಗ ಅಕ್ಕ ಕೈ ಅಡ್ಡ ಹಿಡಿದಳು.

"ಆ ಕಡೆ ಬ್ಯಾಡ ತಮ್ಮಾ. ಅಲ್ಲಿ ಅವರು ಕುಂದರತಾರ" ಎಂದಳು. ತಾನು ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ಜಾಗ ಮಾಡಿದಳು. "ಈ ಕಡೆ ಬಾ."

ನಾನು ಈ ಕಡೆ ಬಂದು ಕೂತೆ.